ಜಾನಿ ಕಾರ್ಸನ್ ಎದುರು ಎಲ್ಲರೂ ಸೋತಾಗ ಲೆಟರ್‌ಮನ್ ಉಳಿದದ್ದು ಹೇಗೆ? (1980ರ ದಶಕದ ಅಮೆರಿಕದ ಟಾಕ್ ಶೋಗಳು)

ಪ್ರಶ್ನೆ | ಕಿರುತೆರೆ ಕುತೂಹಲಿ

ಎಲ್ಲರಿಗೂ ನಮಸ್ಕಾರ.

ಇತ್ತೀಚೆಗೆ ಯೂಟ್ಯೂಬ್‌ನಲ್ಲಿ 1980ರ ದಶಕದ ಅಮೆರಿಕದ ಟಾಕ್ ಶೋಗಳನ್ನು ಒಂದೊಂದಾಗಿ ನೋಡುತ್ತಾ ಬಂದಿದ್ದೇನೆ. ನಾನು ಹುಟ್ಟುವುದಕ್ಕೂ ಮೊದಲಿನ ಕಾರ್ಯಕ್ರಮಗಳಾದ್ದರಿಂದ ಅವುಗಳ ಹಿಂದುಮುಂದು ತಿಳಿಯದೆ ಕೆಲವು ಸಂಗತಿಗಳು ಒಗಟಾಗಿಯೇ ಉಳಿದಿವೆ. ಆ ಕಾಲದಲ್ಲಿ ಅಮೆರಿಕದಲ್ಲಿದ್ದ ಹಿರಿಯರು ಈ ಬಳಗದಲ್ಲಿ ಇದ್ದಾರೆಂಬ ಧೈರ್ಯದಿಂದ ಇಲ್ಲಿ ಕೇಳುತ್ತಿದ್ದೇನೆ.

ಜಾನಿ ಕಾರ್ಸನ್ ಅವರು ಎನ್‌ಬಿಸಿ ವಾಹಿನಿಯ ‘ಟುನೈಟ್ ಶೋ’ವನ್ನು 1962ರ ಅಕ್ಟೋಬರ್‌ನಿಂದ 1992ರ ಮೇ ತಿಂಗಳವರೆಗೆ ನಡೆಸಿದರು. ಅವರಿಗೆ ಪೈಪೋಟಿ ಕೊಡಲು 1983ರಲ್ಲಿ ಅಲನ್ ಥಿಕ್, 1986ರಲ್ಲಿ ಹಾಸ್ಯಗಾರ್ತಿ ಜೋನ್ ರಿವರ್ಸ್, 1989ರಲ್ಲಿ ಪ್ಯಾಟ್ ಸಜಾಕ್ ಹೊರಟರು. ಮೂವರ ಕಾರ್ಯಕ್ರಮಗಳೂ ಬೇಗನೆ ಮುಗಿದುಹೋದವು. ಆದರೆ 1982ರಲ್ಲಿ ಶುರುವಾದ ಡೇವಿಡ್ ಲೆಟರ್‌ಮನ್ ಅವರ ‘ಲೇಟ್ ನೈಟ್’ ಮಾತ್ರ ಬೇರೂರಿ ನಿಂತಿತು. ಅದರ ನಿರ್ಮಾಣದಲ್ಲಿ ಕಾರ್ಸನ್ ಅವರ ಸ್ವಂತ ಸಂಸ್ಥೆಯೇ ಪಾಲುದಾರನಾಗಿತ್ತು ಎಂದು ಓದಿ ನನಗೆ ಇನ್ನಷ್ಟು ಆಶ್ಚರ್ಯವಾಯಿತು. ತನ್ನ ಪಟ್ಟಕ್ಕೆ ಮುಂದೊಂದು ದಿನ ಕೈಚಾಚಬಹುದಾದವನನ್ನು ಯಾರಾದರೂ ತಾವೇ ಸಾಕುತ್ತಾರೆಯೇ? ಲೆಟರ್‌ಮನ್ ಅವರ ಪ್ರತಿಭೆಯೊಂದೇ ಇದಕ್ಕೆ ಕಾರಣವೋ ಅಥವಾ ನಮ್ಮ ಕಣ್ಣಿಗೆ ಬೀಳದ ವ್ಯಾಪಾರದ ಲೆಕ್ಕವೇನಾದರೂ ಇತ್ತೋ?

ಇದಕ್ಕೆ ಅಂಟಿಕೊಂಡಂತೆ ಇನ್ನೊಂದು ಪ್ರಶ್ನೆಯೂ ಇದೆ. ಅದೇ ದಶಕದಲ್ಲಿ ಹಗಲು ಹೊತ್ತು ಬರುತ್ತಿದ್ದ ಫಿಲ್ ಡೊನಹ್ಯೂ ಮತ್ತು ಓಪ್ರಾ ವಿನ್‌ಫ್ರಿ ಅವರ ಕಾರ್ಯಕ್ರಮಗಳು ರಾತ್ರಿಯ ಕಾರ್ಯಕ್ರಮಗಳಿಗಿಂತ ಎಷ್ಟು ಬೇರೆಯಾಗಿವೆಯೆಂದರೆ, ಎರಡಕ್ಕೂ ಒಂದೇ ಹೆಸರಿರುವುದೇ ವಿಚಿತ್ರವೆನಿಸುತ್ತದೆ. ಅವು ಯಾವ ವಾಹಿನಿಯ ಕಾರ್ಯಕ್ರಮಗಳಾಗಿದ್ದವು ಎಂಬುದೂ ನನಗೆ ಸ್ಪಷ್ಟವಾಗಿಲ್ಲ. ಬಲ್ಲವರು ವಿವರಿಸಬೇಕಾಗಿ ಕೋರುತ್ತೇನೆ.


ಉತ್ತರ 1 | ಓಹಿಯೋ ವಾಸಿ

ಒಳ್ಳೆಯ ಪ್ರಶ್ನೆ. ನಾನು 1983ರಲ್ಲಿ ಎಂ.ಎಸ್. ಓದಲು ಓಹಿಯೋಗೆ ಬಂದವನು. ‘ಲೇಟ್ ನೈಟ್’ನ ಉತ್ತುಂಗದ ವರ್ಷಗಳನ್ನು ವಿದ್ಯಾರ್ಥಿನಿಲಯದ ಸಾಮೂಹಿಕ ಕೋಣೆಯ ಟೀವಿಯಲ್ಲಿ ನೋಡಿದ್ದೇನೆ. ನಿಮ್ಮ ಮೊದಲ ಪ್ರಶ್ನೆಗೆ ಒಂದೇ ಮಾತಿನ ಉತ್ತರವೆಂದರೆ, ಲೆಟರ್‌ಮನ್ ಅವರು ಕಾರ್ಸನ್ ಎದುರು ಸ್ಪರ್ಧಿಸಲೇ ಇಲ್ಲ. ಪೂರ್ವ ತೀರದಲ್ಲಿ ಕಾರ್ಸನ್ ಅವರದು ರಾತ್ರಿ 11.30ಕ್ಕೆ ಬರುತ್ತಿತ್ತು, ಅದು ಮುಗಿದ ಮೇಲೆ 12.30ಕ್ಕೆ ಲೆಟರ್‌ಮನ್. ನೀವು ಹೆಸರಿಸಿದ ಉಳಿದ ಮೂವರೂ ಕಾರ್ಸನ್ ಇದ್ದ ಹೊತ್ತಿನಲ್ಲೇ ಅವರ ವೀಕ್ಷಕರನ್ನು ಸೆಳೆಯಲು ಹೋದವರು.

ಆದರೆ ಆ 12.30ರ ಹೊತ್ತು ಕಾರ್ಸನ್ ಅವರ ಕೈಗೆ ಹೇಗೆ ಬಂತು ಎಂಬಲ್ಲಿ ಸ್ವಾರಸ್ಯವಿದೆ. 1979ರಲ್ಲಿ ಅವರು ಎನ್‌ಬಿಸಿಯನ್ನು ಬಿಟ್ಟುಹೋಗುವ ಮಾತನಾಡಿದರು. ಆಗ ಆ ವಾಹಿನಿಯ ಸಂಜೆಯ ಧಾರಾವಾಹಿಗಳು ಸಾಲುಸಾಲಾಗಿ ಸೋಲುತ್ತಿದ್ದವು, ‘ಟುನೈಟ್ ಶೋ’ ಮಾತ್ರ ತಪ್ಪದೆ ಲಾಭ ತರುತ್ತಿತ್ತು. ಹಾಗಾಗಿ 1980ರ ಹೊಸ ಕರಾರಿನಲ್ಲಿ ಕಾರ್ಸನ್ ಕೇಳಿದ್ದೆಲ್ಲ ಅವರಿಗೆ ಸಿಕ್ಕಿತು ಎಂದರೂ ನಡೆದೀತು. ತೊಂಬತ್ತು ನಿಮಿಷಗಳ ಕಾರ್ಯಕ್ರಮ ಆ ವರ್ಷದ ಸೆಪ್ಟೆಂಬರ್‌ನಿಂದ ಅರುವತ್ತು ನಿಮಿಷಕ್ಕಿಳಿಯಿತು. ಕಾರ್ಯಕ್ರಮದ ಒಡೆತನ ಅವರ ಸಂಸ್ಥೆಗೆ ಬಂತು. ಅದರ ಬೆನ್ನಿಗೇ ಬರುವ ಹೊತ್ತಿನಲ್ಲಿ ಏನು ಪ್ರಸಾರವಾಗಬೇಕೆಂಬುದರ ಮೇಲೂ ಅವರಿಗೆ ಹಿಡಿತ ದೊರಕಿತು. ಆ ಜಾಗದಲ್ಲಿ ಅದುವರೆಗೆ ಟಾಮ್ ಸ್ನೈಡರ್ ಅವರ ‘ಟುಮಾರೊ’ ಬರುತ್ತಿತ್ತು. ಅದನ್ನು ತೆಗೆದು 1982ರ ಫೆಬ್ರುವರಿ 1ರಂದು ಲೆಟರ್‌ಮನ್ ಅವರನ್ನು ಕೂರಿಸಿದರು. ಮೊದಲ ಅತಿಥಿ ನಟ ಬಿಲ್ ಮರ್ರೆ.

ಆದ್ದರಿಂದ ಪಟ್ಟಕ್ಕೆ ಕೈಚಾಚುವವನನ್ನು ತಾವೇ ಸಾಕಿದರೇ ಎಂಬ ನಿಮ್ಮ ಪ್ರಶ್ನೆಯನ್ನು ತಿರುಗಿಸಿ ಕೇಳಬೇಕಾಗುತ್ತದೆ. ತಮ್ಮ ನಂತರದ ಗಂಟೆಯಲ್ಲಿ ಯಾರು ಬಂದರೂ ಅವರು ತಮ್ಮ ನೆರಳಿನಲ್ಲೇ ಇರುವಂತೆ ಕಾರ್ಸನ್ ಏರ್ಪಾಟು ಮಾಡಿಕೊಂಡಿದ್ದರು. ಹೊಸ ಕಾರ್ಯಕ್ರಮ ‘ಟುನೈಟ್ ಶೋ’ವಿನ ನಕಲಾಗಬಾರದು ಎಂಬುದು ಅವರ ಸಂಸ್ಥೆಯ ಷರತ್ತಾಗಿತ್ತು. ಪಕ್ಕದ ಸೋಫಾದಲ್ಲಿ ಕೂತು ನಗುವ ಎಡ್ ಮೆಕ್‌ಮಹನ್‌ರಂತಹ ಜೊತೆಗಾರ ಇರಬಾರದು. ಕಾರ್ಸನ್ ಅವರ ಸಂಗೀತ ತಂಡದ ಮುಖ್ಯಸ್ಥ ಡಾಕ್ ಸೆವೆರಿನ್‌ಸನ್ ಅವರ ಬಳಿ ಇದ್ದಂತಹ, ತುತ್ತೂರಿಗಳ ಸಾಲಿರುವ ದೊಡ್ಡ ವಾದ್ಯವೃಂದ ಇರಬಾರದು. ನಾಲ್ವರು ವಾದಕರು ಸಾಕು. ಆರಂಭದಲ್ಲಿ ಕಾರ್ಸನ್ ಮಾಡುತ್ತಿದ್ದಂತಹ ಉದ್ದನೆಯ ಹಾಸ್ಯಭಾಷಣವೂ ಬೇಡ, ನಾಲ್ಕು ಮಾತಾಡಿ ಮುಗಿಸಬೇಕು.

ಈ ಕಟ್ಟುಪಾಡುಗಳೇ ಲೆಟರ್‌ಮನ್ ಅವರಿಗೆ ವರವಾದವು ಎಂಬುದು ನನ್ನ ಅಭಿಪ್ರಾಯ. ನಾಲ್ವರೇ ವಾದಕರೆಂದಾಗ ಪಾಲ್ ಶೇಫರ್ ಅವರು ರಾಕ್ ಮತ್ತು ರಿದಮ್ ಆಂಡ್ ಬ್ಲೂಸ್ ನುಡಿಸುವ ಸಣ್ಣ ತಂಡ ಕಟ್ಟಿದರು; ತಂದೆಯ ತಲೆಮಾರಿನ ಸಂಗೀತದಿಂದ ಬೇಸತ್ತಿದ್ದ ವಿದ್ಯಾರ್ಥಿಗಳಿಗೆ ಬೇಕಾದದ್ದೂ ಅದೇ ಆಗಿತ್ತು. ಜೊತೆಗಾರನಿಲ್ಲದ್ದರಿಂದ ಲೆಟರ್‌ಮನ್ ತಮ್ಮ ಕ್ಯಾಮೆರಾದವರನ್ನು, ಕಚೇರಿ ಸಿಬ್ಬಂದಿಯನ್ನು, ಬೀದಿಯಾಚೆಯ ಅಂಗಡಿಯವರನ್ನು ಮಾತಿಗೆಳೆದರು. ಹಾಸ್ಯಭಾಷಣ ಚಿಕ್ಕದಾದದ್ದರಿಂದ ಉಳಿದ ಸಮಯವನ್ನು ತುಂಬಲು ಏನಾದರೂ ಮಾಡಲೇಬೇಕಾಯಿತು, ಮತ್ತು ಮಾಡಿದ್ದೆಲ್ಲ ಬಹುಪಾಲು ಹುಚ್ಚಾಟವೇ.

ಒಂದನ್ನು ವಿವರವಾಗಿ ಹೇಳುತ್ತೇನೆ. 1984ರ ಫೆಬ್ರುವರಿಯಲ್ಲಿ ಲೆಟರ್‌ಮನ್ ಅಡಿಯಿಂದ ಮುಡಿಯವರೆಗೆ ವೆಲ್‌ಕ್ರೋ ಹೊಲಿದ ಉಡುಪು ತೊಟ್ಟು ಬಂದರು. ನಮ್ಮಲ್ಲಿ ಈಗ ಮಕ್ಕಳ ಶೂಗಳಲ್ಲಿ ಚರ್ರನೆ ಕಿತ್ತು ಅಂಟಿಸುವ ಪಟ್ಟಿ ಇರುತ್ತದಲ್ಲ, ಅದೇ. ಸ್ಟುಡಿಯೋದ ಒಂದು ಗೋಡೆಗೆ ಅದರ ಇನ್ನೊಂದು ಭಾಗವನ್ನು ಹೊದಿಸಿದ್ದರು. ಅವರು ಓಡಿಬಂದು, ಪುಟಿಯುವ ಟ್ರ್ಯಾಂಪೊಲಿನ್ ಮೇಲೆ ಹಾರಿ, ಗೋಡೆಗೆ ಡಿಕ್ಕಿ ಹೊಡೆದು, ನೆಲದಿಂದ ಬಹಳ ಮೇಲೆ ಕೈಕಾಲು ಚಾಚಿಕೊಂಡು ಹಾಗೆಯೇ ಅಂಟಿಕೊಂಡರು. ಅಷ್ಟೇ. ಅದಕ್ಕೆ ಹಿಂದೆ ಮುಂದೆ ಕಥೆಯಿಲ್ಲ, ಅರ್ಥವಿಲ್ಲ. 1986ರ ಡಿಸೆಂಬರ್‌ನ ಒಂದು ಸಂಚಿಕೆಯಲ್ಲಿ ಪರದೆಯ ಮೇಲಿನ ಚಿತ್ರವೇ ಒಂದು ಗಂಟೆಯುದ್ದಕ್ಕೂ ಮೆಲ್ಲಮೆಲ್ಲನೆ ತಿರುಗುತ್ತಾ ಹೋಗಿ, ಅರ್ಧ ಕಾರ್ಯಕ್ರಮದ ಹೊತ್ತಿಗೆ ಎಲ್ಲರೂ ತಲೆಕೆಳಗಾಗಿ, ಕೊನೆಗೆ ಒಂದು ಪೂರ್ಣ ಸುತ್ತು ಮುಗಿಸಿ ನೆಟ್ಟಗಾಯಿತು. ಅತಿಥಿಗಳೊಂದಿಗೆ ಸಂದರ್ಶನ ಎಂದಿನಂತೆ ನಡೆದೇ ಇತ್ತು. 11.30ಕ್ಕೆ ಇಡೀ ದೇಶದ ಗೃಹಸ್ಥರು ನೋಡುವ ಕಾರ್ಯಕ್ರಮದಲ್ಲಿ ಇಂಥದ್ದನ್ನು ಯಾರೂ ಬಿಡುತ್ತಿರಲಿಲ್ಲ. ನಡುರಾತ್ರಿ ಎಚ್ಚರವಿದ್ದವರು ನಮ್ಮಂಥ ವಿದ್ಯಾರ್ಥಿಗಳು ಮತ್ತು ರಾತ್ರಿ ಪಾಳಿಯವರು. ಅವರಿಗೆ ಇದು ಸೊಗಸಾಗಿ ಕಾಣುತ್ತಿತ್ತು.

ಪ್ರತಿಭೆಯ ಬಗ್ಗೆ ಕೇಳಿದಿರಿ. ಇದೇ ಲೆಟರ್‌ಮನ್ ಅವರಿಗೆ ಎನ್‌ಬಿಸಿ 1980ರ ಜೂನ್‌ನಲ್ಲಿ ಬೆಳಗಿನ ಕಾರ್ಯಕ್ರಮವೊಂದನ್ನು ಕೊಟ್ಟಿತ್ತು. ಅದಕ್ಕೆ ಟೀವಿ ಕಾರ್ಯಕ್ರಮಗಳಿಗೆ ಕೊಡುವ ಎಮ್ಮಿ ಪ್ರಶಸ್ತಿಗಳೂ ಬಂದವು, ಆದರೂ ಅಕ್ಟೋಬರ್‌ನಲ್ಲಿ ಅದು ನಿಂತುಹೋಯಿತು. ಮುಖ್ಯ ಲೇಖಕಿ ಮೆರಿಲ್ ಮಾರ್ಕೊ ಆಗಲೇ ಜೊತೆಗಿದ್ದರು. ಸಾಕುಪ್ರಾಣಿಗಳ ಪೆದ್ದು ಚಮತ್ಕಾರಗಳ ಆ ಪ್ರಸಿದ್ಧ ಭಾಗವೂ ಆಗಲೇ ಹುಟ್ಟಿತ್ತು. ಅದೇ ವ್ಯಕ್ತಿ, ಅದೇ ಲೇಖಕಿ, ಅದೇ ನಾಯಿಗಳು. ಅಡುಗೆ ಸಲಹೆ ನಿರೀಕ್ಷಿಸುತ್ತಿದ್ದ ಬೆಳಗಿನ ವೀಕ್ಷಕರಿಗೆ ಹಿಡಿಸದ್ದು ಹದಿನಾರು ತಿಂಗಳ ನಂತರ ನಡುರಾತ್ರಿಯವರಿಗೆ ಹಿಡಿಸಿತು. ಬದಲಾದದ್ದು ಗಡಿಯಾರದ ಮುಳ್ಳು.

ಕಾರ್ಸನ್ ಬಗ್ಗೆಯೂ ಒಂದು ಮಾತು. ಹೊಸದಾಗಿ ಬಂದವನಿಗೆ ಅವರ ಹಾಸ್ಯಭಾಷಣದ ಮುಕ್ಕಾಲು ಪಾಲು ಅರ್ಥವಾಗುತ್ತಿರಲಿಲ್ಲ. ರೇಗನ್ ಸಂಪುಟದ ಮಂತ್ರಿಗಳ ಹೆಸರು, ಕಾರ್ಯಕ್ರಮ ಚಿತ್ರೀಕರಿಸುತ್ತಿದ್ದ ಕ್ಯಾಲಿಫೋರ್ನಿಯಾದ ಬರ್ಬ್ಯಾಂಕ್ ಊರಿನ ಕುರಿತ ಚೇಷ್ಟೆ, ಅವರ ವಿಚ್ಛೇದನಗಳ ಕುರಿತ ಸ್ವವಿಡಂಬನೆ. ಆದರೆ ನಗೆಹನಿ ಬಿದ್ದುಹೋದಾಗ, ಅಂದರೆ ಯಾರೂ ನಗದಿದ್ದಾಗ, ಅವರು ಒಂದು ಕ್ಷಣ ಸುಮ್ಮನೆ ನಿಂತು ಕ್ಯಾಮೆರಾ ನೋಡುವ ಬಗೆಗೆ ಯಾವ ಭಾಷೆಯೂ ಬೇಕಿರಲಿಲ್ಲ. ಸೋತ ಮಾತಿನಿಂದಲೇ ಅವರು ಹೆಚ್ಚು ನಗು ಗಿಟ್ಟಿಸುತ್ತಿದ್ದರು. ದೊಡ್ಡ ಪೇಟ ಸುತ್ತಿಕೊಂಡು, ಮುಚ್ಚಿದ ಲಕೋಟೆಯನ್ನು ಹಣೆಗೊತ್ತಿಕೊಂಡು, ಒಳಗಿರುವ ಪ್ರಶ್ನೆಗೆ ಮೊದಲೇ ಉತ್ತರ ಹೇಳುವ ‘ಕಾರ್ನ್ಯಾಕ್’ ಎಂಬ ಪೂರ್ವದೇಶದ ಜ್ಞಾನಿಯ ವೇಷವೊಂದಿತ್ತು. ಅದನ್ನು ನೋಡುವಾಗ ನಮ್ಮ ಕಡೆಯ ಕೆಲವರಿಗೆ ಇರುಸುಮುರುಸಾಗುತ್ತಿತ್ತು. ನನಗಂತೂ ಅದು ನಮ್ಮೂರ ಜಾತ್ರೆಯ ಗಿಣಿಶಾಸ್ತ್ರದವನನ್ನು ನೆನಪಿಸಿ ನಗು ತರಿಸುತ್ತಿತ್ತು.


ಉತ್ತರ 2 | ವಸುಂಧರಾ_ಮೈಸೂರು

ಓಹಿಯೋ ವಾಸಿ ಅವರು ಚೆನ್ನಾಗಿ ವಿವರಿಸಿದ್ದಾರೆ. ಆದರೆ ಎಲ್ಲವನ್ನೂ ಗಡಿಯಾರ ಮತ್ತು ಕರಾರುಪತ್ರಗಳ ತಲೆಗೆ ಕಟ್ಟುವುದನ್ನು ನಾನು ಪೂರ್ತಿ ಒಪ್ಪಲಾರೆ. ಹಾಗೆ ಮಾಡಿದರೆ ಜೋನ್ ರಿವರ್ಸ್ ಅವರ ಪ್ರಕರಣ ‘ಕಾರ್ಸನ್ ಹೊತ್ತಿಗೇ ಬಂದರು, ಸೋತರು’ ಎಂಬ ಒಂದೇ ಸಾಲಿನಲ್ಲಿ ಮುಗಿದುಹೋಗುತ್ತದೆ. ಅದು ಅಷ್ಟು ಸರಳವಾಗಿರಲಿಲ್ಲ.

1965ರಲ್ಲಿ ರಿವರ್ಸ್ ಮೊದಲ ಬಾರಿಗೆ ‘ಟುನೈಟ್ ಶೋ’ಗೆ ಬಂದಾಗ, ಈಕೆ ಮುಂದೆ ದೊಡ್ಡ ತಾರೆಯಾಗುತ್ತಾಳೆಂದು ಕಾರ್ಸನ್ ವೇದಿಕೆಯ ಮೇಲೆಯೇ ಹೇಳಿದ್ದರು. ಹಾಗೆ ನೋಡಿದರೆ ಆಕೆಯ ವೃತ್ತಿಜೀವನ ಬೆಳೆದದ್ದೇ ಆ ಮಾತಿನಿಂದ. 1980ರ ದಶಕದ ಹೊತ್ತಿಗೆ ಕಾರ್ಸನ್ ವಾರದ ಎಲ್ಲ ರಾತ್ರಿ ಬರುತ್ತಿರಲಿಲ್ಲ, ರಜೆಯೂ ಧಾರಾಳವಾಗಿತ್ತು; ಅವರಿಲ್ಲದಾಗ ಅತಿಥಿ ನಿರೂಪಕರು ನಡೆಸುತ್ತಿದ್ದರು. 1983ರಲ್ಲಿ ರಿವರ್ಸ್ ಅವರನ್ನು ಕಾಯಂ ಅತಿಥಿ ನಿರೂಪಕಿಯಾಗಿ ನೇಮಿಸಲಾಯಿತು. ಆಕೆ ಕೂತ ವಾರಗಳಲ್ಲಿ ಕಾರ್ಯಕ್ರಮಕ್ಕೆ ಪ್ರೇಕ್ಷಕರ ಕೊರತೆಯಿರಲಿಲ್ಲ. ಹೀಗಿದ್ದೂ, ಕಾರ್ಸನ್ ನಿವೃತ್ತರಾದರೆ ಅವರ ಜಾಗಕ್ಕೆ ಯಾರು ಎಂದು ಎನ್‌ಬಿಸಿಯವರು ಮಾಡಿಕೊಂಡಿದ್ದ ಪಟ್ಟಿಯಲ್ಲಿ ತನ್ನ ಹೆಸರೇ ಇರಲಿಲ್ಲವೆಂದು ತನಗೆ ತಿಳಿದುಬಂತೆಂದು ಆಕೆ ಮುಂದೆ ಹಲವು ಬಾರಿ ಹೇಳಿಕೊಂಡರು. ವಾರಗಟ್ಟಲೆ ಆ ಕುರ್ಚಿಯಲ್ಲಿ ಕೂರಿಸಿ ಕೆಲಸ ತೆಗೆದುಕೊಳ್ಳುವವರಿಗೆ, ಆ ಕುರ್ಚಿಯನ್ನು ಆಕೆಗೆ ಕೊಡುವ ಯೋಚನೆ ಮಾತ್ರ ಬರಲಿಲ್ಲ.

ಆಗ ಹುಟ್ಟುತ್ತಿದ್ದ ಫಾಕ್ಸ್ ವಾಹಿನಿ ಆಕೆಯನ್ನು ಕರೆಯಿತು. 1986ರ ಅಕ್ಟೋಬರ್ 9ರಂದು ‘ದಿ ಲೇಟ್ ಶೋ’ ಆರಂಭವಾಯಿತು. ಫಾಕ್ಸ್ ಎಂಬ ವಾಹಿನಿ ತೆರೆಗೆ ಬಂದದ್ದೇ ಅದರೊಂದಿಗೆ. ಪೈಪೋಟಿಯ ಸುದ್ದಿ ತಿಳಿದ ಮೇಲೆ ಕಾರ್ಸನ್ ಆಕೆಯೊಂದಿಗೆ ಮಾತು ಬಿಟ್ಟರು. ತಾನು ಫೋನ್ ಮಾಡಿದಾಗ ಅವರು ಇಟ್ಟುಬಿಟ್ಟರೆಂದು ಆಕೆ ಹೇಳುತ್ತಿದ್ದರು. ತನಗೆ ಮೊದಲೇ ತಿಳಿಸಲಿಲ್ಲವೆಂಬುದು ಕಾರ್ಸನ್ ಕಡೆಯ ದೂರು. 2005ರಲ್ಲಿ ಕಾರ್ಸನ್ ತೀರಿಕೊಳ್ಳುವವರೆಗೂ ಆ ಮೌನ ಮುರಿಯಲಿಲ್ಲ. ‘ಟುನೈಟ್ ಶೋ’ ವೇದಿಕೆಗೆ ರಿವರ್ಸ್ ಮರಳಿದ್ದು 2014ರಲ್ಲಿ, ಜಿಮ್ಮಿ ಫ್ಯಾಲನ್ ಅದರ ನಿರೂಪಕರಾಗಿ ಬಂದ ಮೇಲೆ. ಅದೇ ವರ್ಷ ಸೆಪ್ಟೆಂಬರ್‌ನಲ್ಲಿ ಆಕೆ ನಿಧನರಾದರು.

ಫಾಕ್ಸ್ ಬಳಿ ಇದ್ದವು ಅಲ್ಲಿ ಇಲ್ಲಿ ಹರಡಿದ್ದ ಸ್ವತಂತ್ರ ಕೇಂದ್ರಗಳು. ಹಲವು ಊರುಗಳಲ್ಲಿ ಅವುಗಳ ಚಿತ್ರ ಮಸುಕಾಗಿ ಬರುತ್ತಿತ್ತು. ಎನ್‌ಬಿಸಿಯ ಕೇಂದ್ರಜಾಲದ ಮುಂದೆ ಇದು ಎಲ್ಲಿಯ ಲೆಕ್ಕ? ವೀಕ್ಷಕರ ಸಂಖ್ಯೆ ಏರದಿದ್ದಾಗ ಆಡಳಿತದವರಿಗೂ, ಕಾರ್ಯಕ್ರಮದ ನಿರ್ಮಾಪಕರಾಗಿದ್ದ ಆಕೆಯ ಪತಿ ಎಡ್ಗರ್ ರೋಸೆನ್‌ಬರ್ಗ್ ಅವರಿಗೂ ಜಟಾಪಟಿ ಬೆಳೆಯಿತು. ಪತಿಯನ್ನು ಬಿಟ್ಟುಕೊಡಲು ಆಕೆ ಒಪ್ಪಲಿಲ್ಲ. 1987ರ ಮೇ ತಿಂಗಳಲ್ಲಿ ಇಬ್ಬರನ್ನೂ ತೆಗೆದರು. ಆಗಸ್ಟ್‌ನಲ್ಲಿ ಎಡ್ಗರ್ ಆತ್ಮಹತ್ಯೆ ಮಾಡಿಕೊಂಡರು. ಇಷ್ಟೆಲ್ಲ ಆದ ಮೇಲೂ ಆಕೆ 1989ರಲ್ಲಿ ಹಗಲಿನ ಕಾರ್ಯಕ್ರಮವೊಂದರೊಂದಿಗೆ ಹಿಂತಿರುಗಿ ಮರುವರ್ಷ ಎಮ್ಮಿ ಪ್ರಶಸ್ತಿ ಪಡೆದರು.

ಇಲ್ಲಿ ಗಮನಿಸಬೇಕಾದದ್ದು, ಕಾರ್ಸನ್ ಎದುರು ಕಾರ್ಯಕ್ರಮ ಮಾಡಿದ ಗಂಡಸರ ಮೇಲೆ ಅವರಿಗೆ ಇಂಥ ಹಗೆ ಇದ್ದಂತೆ ತೋರುವುದಿಲ್ಲ. ಹಾಸ್ಯಗಾರ ಜೋಯ್ ಬಿಷಪ್ 1960ರ ದಶಕದ ಕೊನೆಯಲ್ಲಿ ಎಬಿಸಿ ವಾಹಿನಿಯಲ್ಲಿ ಅವರಿಗೆ ಪ್ರತಿಯಾಗಿ ನಿಂತು ಸೋತ ಮೇಲೆ ‘ಟುನೈಟ್ ಶೋ’ಗೇ ಅತಿಥಿ ನಿರೂಪಕರಾಗಿ ಬಂದಿದ್ದರು. ರಿವರ್ಸ್ ಮಾತ್ರ ಮನೆಯ ಮಗಳಂತಿದ್ದವರು, ಅದಕ್ಕೇ ಸಿಟ್ಟು ಹೆಚ್ಚು ಎಂದು ಕೆಲವರು ಸಮರ್ಥಿಸುತ್ತಾರೆ. ಮನೆಯ ಮಗಳಾಗಿದ್ದರೆ ಆಸ್ತಿಯ ಪಟ್ಟಿಯಲ್ಲಿ ಹೆಸರಿರಬೇಕಿತ್ತಲ್ಲವೇ?


ಉತ್ತರ 3 | ಓಹಿಯೋ ವಾಸಿ

ವಸುಂಧರಾ ಮೇಡಂ, ರಿವರ್ಸ್ ವಿಷಯದಲ್ಲಿ ನಿಮ್ಮ ಆಕ್ಷೇಪ ನ್ಯಾಯವಾದದ್ದು. ಒಂದನ್ನು ಮಾತ್ರ ಸೇರಿಸುತ್ತೇನೆ. ಆ ಕಾಲದ ಹೊಸ ಹಾಸ್ಯಗಾರರಿಗೆ ಕಾರ್ಸನ್ ವೇದಿಕೆಯೇ ಹೆಬ್ಬಾಗಿಲು. ಹಾಸ್ಯ ಮುಗಿದ ಕೂಡಲೇ ಅವರು ಕೈಬೀಸಿ ಸೋಫಾಕ್ಕೆ ಕರೆದರೆ ಮರುದಿನ ಬೆಳಗ್ಗೆಯೇ ಕೆಲಸದ ಕರೆಗಳು ಬರುತ್ತಿದ್ದವು. 1981ರಲ್ಲಿ ಜೆರ್ರಿ ಸೈನ್‌ಫೆಲ್ಡ್, 1985ರಲ್ಲಿ ರೋಸ್ಯಾನ್ ಬಾರ್ ಅಲ್ಲಿಂದಲೇ ದೇಶಕ್ಕೆ ಪರಿಚಿತರಾದರು. 1986ರಲ್ಲಿ ಎಲೆನ್ ಡಿಜೆನರಸ್ ಮೊದಲ ಸಲ ಬಂದಾಗಲೇ ಅವರಿಗೆ ಸೋಫಾದ ಕರೆ ಸಿಕ್ಕಿತು. ಹೆಂಗಸೊಬ್ಬಳಿಗೆ ಚೊಚ್ಚಲ ಪ್ರದರ್ಶನದಲ್ಲೇ ಹಾಗೆ ಕರೆ ಬಂದದ್ದು ಅಪರೂಪವೆಂದು ಇಂದಿಗೂ ಹೇಳುತ್ತಾರೆ. ಕಾರ್ಸನ್ ಬಾಗಿಲು ತೆರೆಯುವುದರಲ್ಲಿ ಧಾರಾಳಿ. ಒಳಗೆ ಬಂದವರು ಪಕ್ಕದಲ್ಲೇ ಇನ್ನೊಂದು ಬಾಗಿಲು ತೆರೆದರೆ ಮಾತ್ರ ಸಹಿಸುತ್ತಿರಲಿಲ್ಲ.


ಉತ್ತರ 4 | ಹಗಲುವೇಷ

ಎರಡನೆಯ ಪ್ರಶ್ನೆಯನ್ನು ಯಾರೂ ಮುಟ್ಟಿಲ್ಲವಾದ್ದರಿಂದ ನಾನು ಪ್ರಯತ್ನಿಸುತ್ತೇನೆ. ಮಾಧ್ಯಮ ವಿಷಯವನ್ನು ಪಾಠ ಮಾಡುವವನು ನಾನು. ಹಾಗಾಗಿ ಸ್ವಲ್ಪ ಉದ್ದವಾದರೆ ಕ್ಷಮೆಯಿರಲಿ.

ಡೊನಹ್ಯೂ ಮತ್ತು ಓಪ್ರಾ ಅವರ ಕಾರ್ಯಕ್ರಮಗಳು ಯಾವ ರಾಷ್ಟ್ರೀಯ ವಾಹಿನಿಗೂ ಸೇರಿದವಲ್ಲ. ಅಮೆರಿಕದಲ್ಲಿ ಎನ್‌ಬಿಸಿ, ಸಿಬಿಎಸ್, ಎಬಿಸಿಗಳು ದಿನದ ಕೆಲವು ಗಂಟೆಗಳನ್ನಷ್ಟೇ ತುಂಬುತ್ತಿದ್ದವು. ಉಳಿದ ಗಂಟೆಗಳನ್ನು ಆಯಾ ಊರಿನ ಟೀವಿ ಕೇಂದ್ರ ತಾನೇ ತುಂಬಿಕೊಳ್ಳಬೇಕಿತ್ತು. ಅದಕ್ಕಾಗಿ ಕಾರ್ಯಕ್ರಮಗಳನ್ನು ಊರೂರಿಗೆ ಮಾರುವ ವಿತರಕರಿದ್ದರು. ಈ ವ್ಯವಸ್ಥೆಗೆ ಸಿಂಡಿಕೇಷನ್ ಎನ್ನುತ್ತಾರೆ. ಕೇಂದ್ರದವರು ಹಣ ಕೊಟ್ಟು ಕೊಳ್ಳುತ್ತಿದ್ದರು, ಜೊತೆಗೆ ಕೆಲವು ನಿಮಿಷಗಳ ಜಾಹೀರಾತು ಅವಕಾಶವನ್ನೂ ವಿತರಕರಿಗೆ ಬಿಟ್ಟುಕೊಡುತ್ತಿದ್ದರು. ಹೀಗಾಗಿ ಒಂದೇ ಕಾರ್ಯಕ್ರಮ ಒಂದೂರಿನಲ್ಲಿ ಎಬಿಸಿ ಕೇಂದ್ರದಲ್ಲಿ ಬೆಳಗ್ಗೆ ಬಂದರೆ, ಇನ್ನೊಂದೂರಿನಲ್ಲಿ ಸಿಬಿಎಸ್ ಕೇಂದ್ರದಲ್ಲಿ ಸಂಜೆ ನಾಲ್ಕಕ್ಕೆ ಬರುತ್ತಿತ್ತು.

ಫಿಲ್ ಡೊನಹ್ಯೂ ಶುರು ಮಾಡಿದ್ದು 1967ರ ನವೆಂಬರ್‌ನಲ್ಲಿ, ಓಹಿಯೋದ ಡೇಟನ್ ಎಂಬ ಊರಿನಲ್ಲಿ. (ಓಹಿಯೋ ವಾಸಿಯವರು ಹೆಮ್ಮೆಪಡಬಹುದು.) ದೊಡ್ಡ ತಾರೆಯರು ಡೇಟನ್‌ಗೆ ಏಕೆ ಬರುತ್ತಾರೆ? ಬರುವವರು ಸಿಗದಿದ್ದರಿಂದ ಒಂದು ಗಂಟೆಯನ್ನು ಒಬ್ಬ ಅತಿಥಿ ಮತ್ತು ಒಂದು ವಿಷಯದಿಂದ ತುಂಬಬೇಕಾಯಿತು. ಮೊದಲ ದಿನದ ಅತಿಥಿ ನಾಸ್ತಿಕವಾದಿ ಮ್ಯಾಡಲಿನ್ ಮರ್ರೆ ಓಹೇರ್. ಅದಕ್ಕೆ ಮೊದಲು ಆ ಹೊತ್ತಿನಲ್ಲಿ ನಡೆಯುತ್ತಿದ್ದ ಮನರಂಜನಾ ಕಾರ್ಯಕ್ರಮಕ್ಕೆಂದು ಟಿಕೆಟ್ ಪಡೆದಿದ್ದ ಜನ ಸ್ಟುಡಿಯೋಗೆ ಬಂದಿದ್ದರು. ಅವರನ್ನು ವಾಪಸು ಕಳಿಸಲಾಗದೆ ಕೂರಿಸಿಕೊಂಡರು. ಜಾಹೀರಾತಿನ ಬಿಡುವಿನಲ್ಲಿ ಆ ಹೆಂಗಸರು ಕೇಳುತ್ತಿದ್ದ ಪ್ರಶ್ನೆಗಳು ತನ್ನ ಪ್ರಶ್ನೆಗಳಿಗಿಂತ ಚೆನ್ನಾಗಿವೆಯೆಂದು ಡೊನಹ್ಯೂ ಅವರಿಗೆ ಬಹುಬೇಗ ತಿಳಿಯಿತು. ಅಲ್ಲಿಂದ ಅವರು ಮೈಕು ಹಿಡಿದು ಪ್ರೇಕ್ಷಕರ ಸಾಲುಗಳ ನಡುವೆ ಓಡತೊಡಗಿದರು. ನೀವು ನೋಡಿದ ಹಳೆಯ ತುಣುಕುಗಳಲ್ಲಿ ನರೆಗೂದಲಿನ, ಕನ್ನಡಕದ ಆ ಮನುಷ್ಯ ಮೆಟ್ಟಿಲು ಹತ್ತಿ ಇಳಿದು ಏದುಸಿರು ಬಿಡುತ್ತಿರುತ್ತಾರಲ್ಲ, ಅದರ ಮೂಲ ಇದು. ರಾತ್ರಿಯ ಕಾರ್ಯಕ್ರಮದಲ್ಲಿ ಪ್ರೇಕ್ಷಕರಿಗೆ ನಗುವ ಕೆಲಸವಷ್ಟೇ ಇತ್ತು. ಹಗಲಿನಲ್ಲಿ ಅವರೇ ಮಾತಾಡಿದರು.

ಅವರ ಕಾರ್ಯಕ್ರಮ 1974ರಲ್ಲಿ ಶಿಕಾಗೋಗೆ, 1985ರ ಆರಂಭದಲ್ಲಿ ನ್ಯೂಯಾರ್ಕ್‌ಗೆ ಹೋಯಿತು. 1985ರ ಕೊನೆಯಲ್ಲಿ ಸೋವಿಯತ್ ಪತ್ರಕರ್ತ ವ್ಲಾದಿಮಿರ್ ಪೋಝ್ನರ್ ಜೊತೆಗೂಡಿ, ಸಿಯಾಟಲ್‌ನ ಜನರನ್ನೂ ಲೆನಿನ್‌ಗ್ರಾಡ್‌ನ ಜನರನ್ನೂ ಉಪಗ್ರಹದ ಮೂಲಕ ಎದುರುಬದುರು ಕೂರಿಸಿ ಮಾತಾಡಿಸಿದರು. ಶೀತಲ ಸಮರದ ನಡುವೆ ಇಂಥ ಕೆಲಸಕ್ಕೆ ರಾತ್ರಿಯ ಹಾಸ್ಯಗಾರರು ಯಾರೂ ಕೈಹಾಕಿರಲಿಲ್ಲ.

ಇನ್ನು ಓಪ್ರಾ. 1984ರ ಜನವರಿ 2ರಂದು ಅವರು ಶಿಕಾಗೋದ ಒಂದು ಕೇಂದ್ರದ ಸೊರಗಿದ್ದ ಬೆಳಗಿನ ಕಾರ್ಯಕ್ರಮಕ್ಕೆ ನಿರೂಪಕಿಯಾದರು. ಕೆಲವೇ ವಾರಗಳಲ್ಲಿ ಅದು ಅದೇ ಊರಿನ ಡೊನಹ್ಯೂ ಕಾರ್ಯಕ್ರಮವನ್ನು ಹಿಂದಿಕ್ಕಿತು. ಮುಂದೆ ಅದನ್ನು ಊರೂರಿಗೆ ಮಾರಿದ್ದು ಕಿಂಗ್ ವರ್ಲ್ಡ್ ಎಂಬ ವಿತರಣಾ ಸಂಸ್ಥೆ. ಅದೇ ಸಂಸ್ಥೆ ‘ವೀಲ್ ಆಫ್ ಫಾರ್ಚೂನ್’ ಮತ್ತು ‘ಜೆಪರ್ಡಿ’ ಆಟಗಳ ಸಂಜೆಯ ಆವೃತ್ತಿಗಳನ್ನು 1983 ಮತ್ತು 1984ರಿಂದ ಮಾರುತ್ತಿತ್ತು, ಹಾಗಾಗಿ ಪ್ರತಿ ಊರಿನ ಕೇಂದ್ರದ ಬಾಗಿಲೂ ಅದಕ್ಕೆ ತೆರೆದಿತ್ತು. 1986ರ ಸೆಪ್ಟೆಂಬರ್ 8ರಂದು ದೇಶವ್ಯಾಪಿ ಪ್ರಸಾರ ಆರಂಭವಾಯಿತು. ಡೊನಹ್ಯೂ ಪತ್ರಕರ್ತನಂತೆ ಪ್ರಶ್ನೆ ಕೇಳಿದರೆ, ಓಪ್ರಾ ತಮ್ಮ ಕಷ್ಟವನ್ನೂ ಹೇಳಿಕೊಂಡು ಎದುರಿನವರ ಕಷ್ಟ ಕೇಳುತ್ತಿದ್ದರು. 1987ರ ಫೆಬ್ರುವರಿಯಲ್ಲಿ, ದಶಕಗಳಿಂದ ಕಪ್ಪುಜನರೇ ವಾಸವಿಲ್ಲದಿದ್ದ ಜಾರ್ಜಿಯಾದ ಫೋರ್ಸೈತ್ ಕೌಂಟಿಗೆ ಹೋಗಿ, ಅಲ್ಲಿನ ಬಿಳಿಯರನ್ನಷ್ಟೇ ಕೂರಿಸಿಕೊಂಡು, ‘ಏಕೆ ಹೀಗೆ?’ ಎಂದು ಶಾಂತವಾಗಿ ಕೇಳಿದ ಸಂಚಿಕೆಯನ್ನು ತಪ್ಪದೆ ನೋಡಿ. 1988ರ ನವೆಂಬರ್‌ನಲ್ಲಿ ತಾವು ಇಳಿಸಿದ ತೂಕದಷ್ಟು, ಸುಮಾರು 30 ಕಿಲೋ, ಕೊಬ್ಬನ್ನು ಆಟದ ಗಾಡಿಯೊಂದರಲ್ಲಿ ಹೇರಿ ವೇದಿಕೆಗೆ ಎಳೆದುತಂದದ್ದೂ ಅವರೇ. ಮೊದಲನೆಯದಕ್ಕಿಂತ ಎರಡನೆಯದೇ ಜನರ ಬಾಯಲ್ಲಿ ಉಳಿಯಿತೆಂಬುದು ಬೇಸರದ ಸಂಗತಿ.

ಓಹಿಯೋ ವಾಸಿಯವರ ವಾದಕ್ಕೆ ಇಲ್ಲೊಂದು ಬೆಂಬಲವಿದೆ. ಓಪ್ರಾ 1988ರಲ್ಲಿ ತಮ್ಮ ಕಾರ್ಯಕ್ರಮದ ಒಡೆತನವನ್ನು ತಮ್ಮದೇ ಹಾರ್ಪೋ ಸಂಸ್ಥೆಗೆ ಪಡೆದರು. ಕಾರ್ಸನ್ ಹದಿನೆಂಟು ವರ್ಷ ದುಡಿದು ಗಳಿಸಿದ್ದನ್ನು ಆಕೆ ದೇಶಕ್ಕೆ ಪರಿಚಯವಾದ ಎರಡೇ ವರ್ಷಗಳಲ್ಲಿ ಗಳಿಸಿದರು. ಲೆಟರ್‌ಮನ್ ಅವರಿಗೆ ಎನ್‌ಬಿಸಿಯಲ್ಲಿ ಅದು ಎಂದೂ ದಕ್ಕಲಿಲ್ಲ. 1993ರಲ್ಲಿ ಅವರು ಸಿಬಿಎಸ್‌ಗೆ ಹೋದಾಗ, 1985ರಿಂದ ನಡೆಸುತ್ತಿದ್ದ ‘ಟಾಪ್ ಟೆನ್’ ಎಂಬ ಹತ್ತು ನಗೆಮಾತುಗಳ ಪಟ್ಟಿಯೂ ಸೇರಿದಂತೆ ಹಲವು ಹಾಸ್ಯಭಾಗಗಳು ತನ್ನ ಸ್ವತ್ತೆಂದು ಎನ್‌ಬಿಸಿ ಹಕ್ಕು ಸಾಧಿಸಿತು.

ಇದೇ ಊರೂರಿಗೆ ಮಾರುವ ಪೇಟೆಗೆ ಇನ್ನೊಂದು ಮುಖವೂ ಇತ್ತು. 1986ರ ಏಪ್ರಿಲ್‌ನಲ್ಲಿ ಹೆರಾಲ್ಡೊ ರಿವೇರಾ ಶಿಕಾಗೋದ ಹಳೆಯ ಹೋಟೆಲೊಂದರಲ್ಲಿ ಕುಖ್ಯಾತ ಭೂಗತ ದೊರೆ ಅಲ್ ಕಪೋನ್‌ನ ನೆಲಮಾಳಿಗೆಯನ್ನು ನೇರಪ್ರಸಾರದಲ್ಲಿ ಒಡೆದರು. ಎರಡು ಗಂಟೆಗಳ ಬಳಿಕ ಸಿಕ್ಕಿದ್ದು ಖಾಲಿ ಸೀಸೆಗಳು ಮತ್ತು ಮಣ್ಣು. ಆದರೆ ನೋಡಿದವರು ಕೋಟಿಗಟ್ಟಲೆ, ಮರುವರ್ಷವೇ ಅವರಿಗೆ ದಿನವಹಿ ಕಾರ್ಯಕ್ರಮ ಸಿಕ್ಕಿತು. 1988ರ ನವೆಂಬರ್‌ನಲ್ಲಿ ಪ್ರಸಾರವಾದ ಒಂದು ಸಂಚಿಕೆಯಲ್ಲಿ ಜನಾಂಗದ್ವೇಷಿ ತರುಣರನ್ನು ಕರೆಸಿ ಹೊಡೆದಾಟವಾಗಿ, ಹಾರಿಬಂದ ಕುರ್ಚಿಯಿಂದ ಅವರ ಮೂಗೇ ಮುರಿಯಿತು. ಮಾರ್ಟನ್ ಡೌನಿ ಜೂನಿಯರ್ ಎಂಬಾತ ಸಿಗರೇಟಿನ ಹೊಗೆಯನ್ನು ಅತಿಥಿಗಳ ಮುಖಕ್ಕೇ ಬಿಡುತ್ತಾ ಕಿರುಚಾಡುತ್ತಿದ್ದ. ಎರಡು ವರ್ಷಗಳಲ್ಲಿ ಅವನ ಅಬ್ಬರ ಇಳಿಯಿತು. ಬೆಂಗಳೂರಿನ ನಮ್ಮ ತಲೆಮಾರಿಗೆ ಇದೆಲ್ಲ ತಲುಪಿದ್ದು 1990ರ ದಶಕದಲ್ಲಿ ಸ್ಟಾರ್ ವಾಹಿನಿಯಲ್ಲಿ ಓಪ್ರಾ ಬಂದಾಗ, ಅಂದರೆ ಕಾಳಗ ಅರ್ಧ ಮುಗಿದ ಮೇಲೆ.


ಮರುಪ್ರಶ್ನೆ | ಕಿರುತೆರೆ ಕುತೂಹಲಿ

ಎಲ್ಲರಿಗೂ ಅನಂತ ಧನ್ಯವಾದಗಳು. ಒಂದೇ ಒಂದು ಸಂಶಯ ಉಳಿದಿದೆ. ಹಾಸ್ಯಗಾರ ಆರ್ಸೆನಿಯೊ ಹಾಲ್ ಅವರೂ ತಮ್ಮ ರಾತ್ರಿಯ ಕಾರ್ಯಕ್ರಮದೊಂದಿಗೆ 1989ರಲ್ಲೇ ಬಂದರು, ಸಜಾಕ್ ಕೂಡ 1989ರಲ್ಲೇ ಬಂದರು. ಸಜಾಕ್ ಮರುವರ್ಷದ ಏಪ್ರಿಲ್‌ಗೆ ಮುಗಿದರು, ಹಾಲ್ 1994ರವರೆಗೆ ನಡೆಸಿದರು. ಹಾಲ್ ಕೂಡ ಅನೇಕ ಊರುಗಳಲ್ಲಿ ಕಾರ್ಸನ್ ಹೊತ್ತಿಗೇ ಬರುತ್ತಿದ್ದರಲ್ಲ?


ಉತ್ತರ 5 | ವಸುಂಧರಾ_ಮೈಸೂರು

ಸಜಾಕ್ ಅವರು ಕಾರ್ಸನ್ ವೀಕ್ಷಕರಿಗೆ ಇನ್ನೊಬ್ಬ ಕಾರ್ಸನ್‌ನನ್ನು ಕೊಡಲು ಹೋದರು: ಅದೇ ಮೇಜು, ಅದೇ ಸೋಫಾ, ಅದೇ ನಯವಾದ ನಗು. ಅಸಲು ಇರುವಾಗ ನಕಲು ಯಾರಿಗೆ ಬೇಕು? ಹಾಲ್ ಅವರು ಮೇಜನ್ನೇ ತೆಗೆದುಹಾಕಿದರು. ರಿವರ್ಸ್ ಹೋದ ಮೇಲೆ 1987ರಲ್ಲಿ ಫಾಕ್ಸ್‌ನವರು ‘ದಿ ಲೇಟ್ ಶೋ’ವನ್ನು ಕೆಲವು ವಾರ ಅವರ ಕೈಗೆ ಕೊಟ್ಟಿದ್ದರು. ಜನ ಅವರನ್ನು ಮೆಚ್ಚತೊಡಗುವಷ್ಟರಲ್ಲಿ, ಮೊದಲೇ ನಿರ್ಧರಿಸಿದ್ದ ಬೇರೊಂದು ಕಾರ್ಯಕ್ರಮವನ್ನು ತಂದು ಕೂರಿಸಿ ಕೈಸುಟ್ಟುಕೊಂಡರು. ಪ್ಯಾರಾಮೌಂಟ್ ಸಂಸ್ಥೆ ಹಾಲ್ ಅವರನ್ನು ಕರೆದುಕೊಂಡು, ಹಗಲುವೇಷ ಅವರು ವಿವರಿಸಿದ ಸಿಂಡಿಕೇಷನ್ ದಾರಿಯಲ್ಲೇ 1989ರ ಜನವರಿ 3ರಿಂದ ಪ್ರಸಾರ ಮಾಡಿತು. ಕಾರ್ಸನ್ ವೇದಿಕೆಯಲ್ಲಿ ಅಷ್ಟಾಗಿ ಕಾಣದ ಕಪ್ಪು ಕಲಾವಿದರು, ರ್ಯಾಪ್ ಗಾಯಕರು ಅಲ್ಲಿಗೆ ಬಂದರು. ಕೇಕೆ ಹಾಕಿ ಮುಷ್ಟಿ ತಿರುಗಿಸುವ ತರುಣ ಪ್ರೇಕ್ಷಕರೂ ಬಂದರು. ಅವರಲ್ಲಿ ಹೆಚ್ಚಿನವರು ಅದಕ್ಕೆ ಮೊದಲು ಆ ಹೊತ್ತಿನಲ್ಲಿ ಟೀವಿಯನ್ನೇ ಹಾಕುತ್ತಿರಲಿಲ್ಲ. 1992ರ ಜೂನ್‌ನಲ್ಲಿ ಬಿಲ್ ಕ್ಲಿಂಟನ್ ಕಪ್ಪು ಕನ್ನಡಕ ಹಾಕಿಕೊಂಡು ಸ್ಯಾಕ್ಸೊಫೋನ್ ಊದಿದ್ದು ಇದೇ ವೇದಿಕೆಯಲ್ಲಿ.

ಅಂದಹಾಗೆ, ಆ ದಶಕದಲ್ಲಿ 11.30ಕ್ಕೆ ಕಾರ್ಸನ್ ಎದುರು ಸೋಲದೆ ನಿಂತ ಮತ್ತೊಂದು ಕಾರ್ಯಕ್ರಮವನ್ನು ಎಲ್ಲರೂ ಮರೆತಿದ್ದೀರಿ. ಎಬಿಸಿಯ ‘ನೈಟ್‌ಲೈನ್’. ಇರಾನಿನಲ್ಲಿ ಅಮೆರಿಕನ್ನರು ಒತ್ತೆಯಾಳುಗಳಾದಾಗ 1979ರ ನವೆಂಬರ್‌ನಲ್ಲಿ ರಾತ್ರಿಯ ಸುದ್ದಿಯಾಗಿ ಶುರುವಾಗಿ, 1980ರ ಮಾರ್ಚ್‌ನಿಂದ ಟೆಡ್ ಕಾಪೆಲ್ ಅವರ ಸಂದರ್ಶನ ಕಾರ್ಯಕ್ರಮವಾಗಿ ಮುಂದುವರಿಯಿತು. ಅದರಲ್ಲಿ ನಗುವಿರಲಿಲ್ಲ, ವಾದ್ಯವೃಂದವಿರಲಿಲ್ಲ, ಅದಕ್ಕೇ ಹೋಲಿಕೆಯ ಮಾತೇ ಬರಲಿಲ್ಲ.


ಉತ್ತರ 6 | ಓಹಿಯೋ ವಾಸಿ

‘ನೈಟ್‌ಲೈನ್’ ನೆನಪಿಸಿದ್ದು ಒಳ್ಳೆಯದಾಯಿತು. ಪ್ರಶ್ನೆ ಕೇಳಿದವರಿಗೆ ಒಂದು ಸಲಹೆ: ಐದು ನಿಮಿಷದ ತುಣುಕುಗಳನ್ನು ಬಿಟ್ಟು, ಆದಷ್ಟೂ ಜಾಹೀರಾತಿನ ಬಿಡುವು ಸಹಿತ ಪೂರ್ಣ ಸಂಚಿಕೆಗಳನ್ನು ಹುಡುಕಿ ನೋಡಿ. ಲೆಟರ್‌ಮನ್ ಅವರ ಹಳೆಯ ಸಂಚಿಕೆಗಳ ಭಾಗಗಳು ಅವರದೇ ಯೂಟ್ಯೂಬ್ ಚಾನೆಲ್‌ನಲ್ಲಿವೆ. ಕಾರ್ಸನ್ ವಿಷಯದಲ್ಲಿ 1972ಕ್ಕಿಂತ ಹಿಂದಿನದನ್ನು ಹುಡುಕಿ ದಣಿಯಬೇಡಿ. ನ್ಯೂಯಾರ್ಕಿನಲ್ಲಿ ಚಿತ್ರೀಕರಿಸಿದ ಆ ವರ್ಷಗಳ ಟೇಪುಗಳಲ್ಲಿ ಹೆಚ್ಚಿನವನ್ನು ಎನ್‌ಬಿಸಿಯವರು ಅಳಿಸಿ ಮರುಬಳಕೆ ಮಾಡಿಬಿಟ್ಟರು. ಬರ್ಬ್ಯಾಂಕ್‌ಗೆ ಬಂದ ಮೇಲಿನವು ಬಹುಪಾಲು ಉಳಿದಿವೆ. 1986ರಲ್ಲಿ ಜನರಲ್ ಎಲೆಕ್ಟ್ರಿಕ್ ಕಂಪನಿ ಎನ್‌ಬಿಸಿಯನ್ನು ಕೊಂಡಾಗ ಲೆಟರ್‌ಮನ್ ಹಣ್ಣಿನ ಬುಟ್ಟಿ ಹಿಡಿದು ಹೊಸ ಧಣಿಗಳ ಕಟ್ಟಡಕ್ಕೆ ಹೋಗಿ ಕಾವಲುಗಾರರಿಂದ ತಡೆಸಿಕೊಂಡ ಪ್ರಸಂಗದಿಂದ ಶುರುಮಾಡಿ. ನಾವು ಇಲ್ಲಿ ಒಡೆತನದ ಬಗ್ಗೆ ಆಡಿದ ಮಾತೆಲ್ಲ ಆ ಕೆಲವೇ ನಿಮಿಷಗಳಲ್ಲಿ ಕಣ್ಣಿಗೆ ಕಾಣುತ್ತದೆ.